ಹಡಗಿನಲ್ಲಿ ಇಸ್ತ್ರಿಯಕ್ಕ

ಅವಳನ್ನು ಎಲ್ಲರೂ ಕರೆಯುವುದು ಇಸ್ತ್ರಿಯಕ್ಕ ಎಂದೇ. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದ ಮೇಲೂ ಹೆಸರು ಅಂಟಿಕೊಂಡೇ ಉಳಿಯಿತು. ನೆಲಮಾಳಿಗೆಯ ಆ ಕೋಣೆಗೆ ಕಿಟಕಿ ಇರಲಿಲ್ಲ. ಮನೆಯವರಿಗೆಲ್ಲ ಡಬ್ಬಿ ಕಟ್ಟಿ ಏಳು ಗಂಟೆಗೆ ಒಳಹೊಕ್ಕರೆ, ಹೊರಗೆ ಮಳೆ ಬಂತೆಂಬುದು ತಿಳಿಯುತ್ತಿದ್ದದ್ದು ಯಾರಾದರೂ ಒದ್ದೆ ಕೊಡೆ ಹಿಡಿದು ಬಂದಾಗ. ಸಂಜೆ ಮನೆಗೆ ಬಂದರೆ ಅಲ್ಲಿಯೂ ಬಟ್ಟೆಯ ರಾಶಿ. "ನಿಂಗೇನು, ಕೂತ್ಕೊಂಡು ಬಟ್ಟೆ ಮಡಚೋ ಕೆಲಸ" ಎಂದು ಗಂಡ ಬದುಕಿದ್ದಷ್ಟು ದಿನವೂ ಅನ್ನುತ್ತಿದ್ದ. ಆ ಕೋಣೆಯಲ್ಲಿ ಕೂರಲು ಒಂದು ಸ್ಟೂಲೂ ಇರಲಿಲ್ಲವೆಂದು ಅವಳು ಅವನಿಗೆ ಕೊನೆಯವರೆಗೂ ಹೇಳಲಿಲ್ಲ.

ಇಂಥವಳನ್ನು ನಲವತ್ತು ದಿನಗಳ ಹಡಗಿನ ಪ್ರವಾಸಕ್ಕೆ ಎಳೆದುಕೊಂಡು ಬಂದವಳು ನಾದಿನಿ. ಶಾಲೆಯಲ್ಲಿ ಭೂಗೋಳ ಕಲಿಸಿದವಳು, ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದವಳು, ಹೊದ್ದ ಹೊದಿಕೆಯನ್ನು ಒಂದು ದಿನವೂ ಮಡಚದವಳು. "ಭೂಪಟದಲ್ಲಿ ಆ ನೀಲಿ ಬಣ್ಣ ತೋರಿಸಿ ತೋರಿಸಿ ಸಾಕಾಗಿದೆ ಅತ್ತಿಗೆ. ಒಂದ್ಸಲ ಅದರ ಮೇಲೆ ಹೋಗಿ ಬರೋಣ" ಎಂದು ಟಿಕೆಟ್ಟನ್ನು ಕೈಗೇ ಕೊಟ್ಟಿದ್ದಳು.

ಬಂದರು ಬಿಟ್ಟು ಅಂದಿಗೆ ನಾಲ್ಕನೆಯ ದಿನ. ಎತ್ತ ನೋಡಿದರೂ ನೀರು; ನೆಲ ಕಾಣಲು ಇನ್ನೂ ಮೂರು ದಿನ ಬೇಕು. ಇಸ್ತ್ರಿಯಕ್ಕ ರೂಢಿಯಂತೆ ನಸುಕಿಗೇ ಎದ್ದಳು. ಸ್ನಾನದ ಮನೆ ಉಜ್ಜಿದಳು. ಹಿಂದಿನ ದಿನದ ಟವೆಲ್ಲುಗಳನ್ನು ಒಗೆದು, ಹಿಂಡಿ, ಸರಳಿನ ಮೇಲೆ ಹರವಿದಳು. ತನ್ನ ಹಾಸಿಗೆ ಸರಿಮಾಡಿ ನಾದಿನಿಯ ಕಾಲ ಬಳಿ ನಿಂತಳು.

"ಏಳೇ, ಹಾಸಿಗೆ ಹಾಕ್ಬೇಕು."

"ಹಾಗೇ ಡೆಕ್ಕಿಗೂ ಹೋಗಿ ಕಸ ಗುಡಿಸಿ ಬನ್ನಿ, ಅಲ್ಲೀವರೆಗೆ ನಾನು ಮಲಗಿರ್ತೀನಿ" ಎಂದಳು ನಾದಿನಿ ಮುಸುಕಿನೊಳಗಿಂದ.

"ಆ ಹುಡುಗಿ ಬರೋ ಹೊತ್ತಿಗೆ ಆಗಿರ್ಲಿ ಅಂತ. ಒಬ್ಬಳೇ ಎಷ್ಟು ಕೋಣೆ ಮಾಡ್ತಾಳೆ ಪಾಪ."

ಆ ಹುಡುಗಿ ಎಂದರೆ ಅವರ ಕೋಣೆಯ ಕೆಲಸದವಳು. ಮೂವತ್ತು ದಾಟಿದ, ನಕ್ಕರೂ ಕಣ್ಣಲ್ಲಿ ನಿದ್ದೆ ಉಳಿದಿರುವ ಹೆಣ್ಣು. ಮೂರು ದಿನವೂ ಅವಳು ಬಾಗಿಲು ತೆರೆದು, ಅಚ್ಚುಕಟ್ಟಾದ ಕೋಣೆಯನ್ನು ನೋಡಿ, "ನೀವ್ಯಾಕಮ್ಮಾ..." ಎಂದು ಅರ್ಧಕ್ಕೇ ನಿಲ್ಲಿಸಿ ಹೋಗಿದ್ದಳು. ಅದನ್ನು ಸಂಕೋಚ ಎಂದುಕೊಂಡಿದ್ದಳು ಇಸ್ತ್ರಿಯಕ್ಕ.

ತಿಂಡಿಗೆ ಹೋದವಳು ಕನ್ನಡಕ ಮರೆತು ಒಬ್ಬಳೇ ಹಿಂದಿರುಗಿದಾಗ, ಕೋಣೆಯ ಮುಂದೆ ಬಟ್ಟೆಯ ಗಾಡಿ ನಿಂತಿತ್ತು. ಮೇಲ್ವಿಚಾರಕ ಕೈಯಲ್ಲಿದ್ದ ಪಟ್ಟಿ ನೋಡುತ್ತ ಕೆಲಸದವಳೊಡನೆ ಮಾತಾಡುತ್ತಿದ್ದ.

"ಮೂರು ದಿನದಿಂದ ಈ ಕೋಣೆಯಿಂದ ಒಂದು ಟವೆಲ್ಲೂ ಲಾಂಡ್ರಿಗೆ ಬಂದಿಲ್ಲ. ನೀನು ಒಳಗೆ ಕಾಲೇ ಇಟ್ಟಿಲ್ಲ."

"ಇಟ್ಟಿದ್ದೀನಿ ಸರ್. ನಾನು ಹೋಗೋ ಹೊತ್ತಿಗೆ ಎಲ್ಲಾ ಆಗಿರುತ್ತೆ."

"ತಾನೇ ತಾನಾಗಿ ಆಗಿರುತ್ತಾ? ನಾಳೆಯಿಂದ ಕೆಳಗೆ ಲಾಂಡ್ರಿಗೆ ಹೋಗು."

"ಬೇಡ ಸರ್. ಕೆಳಗೆ ಹಡಗಿನ ವೈಫೈ ಬರಲ್ಲ, ಫೋನ್ ಸಿಗಲ್ಲ. ನಾಲ್ಕು ಗಂಟೆಗೆ ನನ್ನ ಮಗಳು ಸ್ಕೂಲಿಂದ ಬರ್ತಾಳೆ. ಆ ಹತ್ತು ನಿಮಿಷ ಒಂದೇ ಸರ್ ನನಗಿರೋದು."

ಇಸ್ತ್ರಿಯಕ್ಕನಿಗೆ ಹಡಗಿನ ಲಾಂಡ್ರಿಯನ್ನು ಯಾರೂ ವರ್ಣಿಸಿ ಹೇಳಬೇಕಿರಲಿಲ್ಲ. ಕಿಟಕಿಯಿಲ್ಲದ ಗೋಡೆ, ಕಿವಿಗೆ ಬಡಿಯುವ ಯಂತ್ರ, ಬಟ್ಟೆಗೆ ಹಿಡಿದ ಬಿಸಿ ಆವಿಯ ವಾಸನೆ ಅವಳ ಮೈಗೇ ಗೊತ್ತಿತ್ತು.

"ಆ ಟವೆಲ್ಲು ಒಗೆದವಳು ನಾನು" ಎಂದಳು. "ಹಾಸಿಗೆ ಹಾಕಿದವಳೂ ನಾನೇ."

ಮೇಲ್ವಿಚಾರಕ ಮರ್ಯಾದೆಯಿಂದಲೇ ನಕ್ಕ. "ಇವಳ ಪರ ಮಾತಾಡೋದು ನಿಮ್ಮ ಒಳ್ಳೆತನ ಮೇಡಂ. ಆದ್ರೆ ಆ ಹಾಸಿಗೆ ನಾನು ನೋಡಿದ್ದೀನಿ. ಅದು ಕಸುಬಿನವರ ಕೈ. ತನ್ನ ಕೆಲಸ ಬೇರೆ ಯಾರಿಗೋ ವಹಿಸಿದ್ದಾಳೆ ಇವಳು."

"ಆ ಕಸುಬೇ ನಂದು. ಬನ್ನಿ ಒಳಗೆ."

ದಿಂಬಿನ ಚೀಲದ ಬಾಯಿಯನ್ನು ತೋರಿಸಿದಳು. ಎರಡೂ ದಿಂಬುಗಳ ಬಾಯಿ ಬಾಗಿಲಿಗೆ ಬೆನ್ನು ಹಾಕಿ ಗೋಡೆಯ ಕಡೆಗಿದ್ದವು. "ಡಾಕ್ಟರು ಬಾಗಿಲಲ್ಲಿ ನಿಂತಾಗ ಚೀಲದ ಬಾಯಿ ಕಾಣಬಾರದು. ಅದು ನಾನು ದುಡಿದ ಆಸ್ಪತ್ರೆಯ ಶಿಸ್ತು, ವಾರ್ಡಿನ ಹಾಸಿಗೆ ಹಾಕಿ ಕಲಿತದ್ದು. ಇವಳು ಮಾಡಿದ ಬೇರೆ ಕೋಣೆ ನೋಡಿ, ಹೀಗಿರಲ್ಲ."

ಅವನು ಪಕ್ಕದ ಕೋಣೆ ತೆರೆದು ನೋಡಿ ಬಂದ. ಅಲ್ಲಿ ಎರಡು ದಿಂಬುಗಳ ಬಾಯಿಯೂ ಒಂದಕ್ಕೊಂದು ಎದುರಾಗಿದ್ದವು. ಅಷ್ಟರಲ್ಲಿ ಇಸ್ತ್ರಿಯಕ್ಕ ತನ್ನ ಹಾಸಿಗೆಯ ಹೊದಿಕೆಯನ್ನೆಲ್ಲ ಕಿತ್ತು ನೆಲಕ್ಕೆ ಹಾಕಿದ್ದಳು. ಹಡಗು ತೂಗುತ್ತಿದ್ದರೂ ಪಾದ ಊರಿ ನಿಂತು ಒಂದೇ ಬೀಸಿಗೆ ಚಾದರ ಹರವಿದಳು. ಮೂಲೆಯನ್ನು ಓರೆಯಾಗಿ ಎತ್ತಿ ಮಡಚಿ ಒಳಗೆ ತಳ್ಳಿದಳು. ನಾಲ್ಕೂ ಮೂಲೆ ಮುಗಿಯುವವರೆಗೆ ಅವನು ಅವಳ ಕೈಯನ್ನೇ ನೋಡಿದ.

"ಸರಿ ಮೇಡಂ, ಒಪ್ಪಿದೆ. ಆದ್ರೆ ಪಟ್ಟಿಯಲ್ಲಿ ಈ ಕೋಣೆ ಖಾಲಿ ಇದ್ರೆ ಮೇಲಿನವರು ನನ್ನನ್ನ ಕೇಳ್ತಾರೆ. ಸಂಜೆ ಇವಳು ಹಾಸಿಗೆ ಹಾಕೋಕೆ ಬಂದಾಗ ಇಲ್ಲಿ ಕೆಲಸ ಇರ್ಬೇಕು. ಇಲ್ದಿದ್ರೆ ಲಾಂಡ್ರಿನೇ" ಎಂದು ಹೊರಟ.

ಕೆಲಸದವಳು ಗಾಡಿಯ ಹಿಡಿಯನ್ನು ಬಿಟ್ಟಿರಲಿಲ್ಲ.

"ನಿನಗೆ ಕೈಭಾರ ಕಡಿಮೆ ಆಗ್ಲಿ ಅಂತ ಮಾಡಿದ್ದು ತಾಯಿ. ಮೊದಲೇ ಹೇಳ್ಬಾರ್ದಾಗಿತ್ತಾ?"

"ನಿಮಗೆ ಬೇಡ ಅನ್ನೋ ಹಾಗಿಲ್ಲಮ್ಮ ನಾವು. ನಮ್ಮಮ್ಮನೂ ನಿಮ್ಮ ಹಾಗೇ, ಬೇರೆಯವರ ಮನೆಗೆ ಹೋದ್ರೂ ಪಾತ್ರೆ ತೊಳೀತಾಳೆ." ಗಾಡಿಯನ್ನು ಬದಿಗೆ ಸರಿಸಿ ಹೇಳಿದಳು. "ಆದ್ರೆ ಇಲ್ಲಿ ನನ್ನ ಕೆಲಸ ನೀವು ಮಾಡಿದ್ರೆ, ನಾನು ಇಲ್ಲಿ ಇಲ್ಲವೇ ಇಲ್ಲ ಅಂತ ಆಗುತ್ತೆ."

ಮನೆಯಲ್ಲಿ ಎಲ್ಲವೂ ತಾನೇ ತಾನಾಗಿ ಆಗುತ್ತದೆಂದು ನಂಬಿದವರ ನಡುವೆ ಬಾಳಿದವಳಿಗೆ ಆ ಮಾತು ನೇರ ಒಳಗೆ ಇಳಿಯಿತು.

ಮಧ್ಯಾಹ್ನ ಊಟ ಮುಗಿಸಿ ಇಸ್ತ್ರಿಯಕ್ಕ ಕೋಣೆಗೆ ಬಂದು ಒಣಗಿದ ಟವೆಲ್ಲುಗಳನ್ನು ಒಂದೊಂದಾಗಿ ಒದ್ದೆ ಮಾಡಿದಳು. ಕೈಗೊಂದು, ಮುಖಕ್ಕೊಂದು, ಕಾಲಿಗೊಂದು. ಅವನ್ನು ನೆಲಕ್ಕೆ ಹಾಕಿದಳು, ತಕ್ಷಣ ಬಗ್ಗಿ ಎತ್ತಿಕೊಂಡಳು, ಮತ್ತೆ ಹಾಕಿದಳು. ಆಮೇಲೆ ಮಲಗಿದಳು. ಜ್ವರವಿಲ್ಲದೆ ಹಗಲು ಹೊತ್ತು ಮಲಗಿದ್ದು ಎರಡೇ ಸಲ, ಎರಡು ಬಾಣಂತನಗಳಲ್ಲಿ. ಹೆಣದ ಹಾಗೆ ನೆಟ್ಟಗೆ ಮಲಗಿದ್ದವಳು ಚಾದರದಲ್ಲಿ ಒಂದು ಗೆರೆಯೂ ಮೂಡದ್ದನ್ನು ಕಂಡು ಮಗ್ಗುಲಾದಳು. ಮಗ್ಗುಲಾದಾಗ ಕಿಟಕಿ ಎದುರಾಯಿತು. ನೀರು ಏರಿ, ಇಳಿದು, ಮತ್ತೆ ಏರುತ್ತಿತ್ತು. ನಾಲ್ಕು ದಿನದಲ್ಲಿ ಅವಳು ಸಮುದ್ರವನ್ನು ಇಷ್ಟು ಹೊತ್ತು ನೋಡಿರಲಿಲ್ಲ.

ನಾದಿನಿ ಬಾಗಿಲಲ್ಲಿ ಗಾಬರಿಯಿಂದ ನಿಂತಳು. "ಏನಾಯ್ತು ಅತ್ತಿಗೆ? ತಲೆ ಸುತ್ತಾ? ಡಾಕ್ಟರನ್ನ ಕರೀಲಾ?"

"ಚೆನ್ನಾಗಿದ್ದೀನಿ ಕಣೆ. ಹಾಸಿಗೆ ಕೆಡಿಸ್ತಾ ಇದ್ದೀನಿ." ಬೆಳಗಿನ ಕತೆಯನ್ನೆಲ್ಲ ಹೇಳಿದಳು.

"ಇಷ್ಟೇನಾ? ಸರೀರಿ ಆ ಕಡೆ" ಎಂದಳು ನಾದಿನಿ. "ನೀವು ಈ ವಿಷಯದಲ್ಲಿ ಇನ್ನೂ ಒಂದನೇ ಕ್ಲಾಸು. ನನಗೆ ಅರವತ್ತು ವರ್ಷದ ಅನುಭವ."

ಐದು ನಿಮಿಷದಲ್ಲಿ ಎರಡು ಹಾಸಿಗೆಗಳೂ ದನ ಮೇದ ಹೊಲದಂತಾದವು. ಇಸ್ತ್ರಿಯಕ್ಕ ಬಾಯಿಗೆ ಸೆರಗು ಒತ್ತಿ ನಕ್ಕಳು.

ಸಂಜೆ ಕೆಲಸದವಳು ಬಂದಳು. ಹಿಂದೆಯೇ ಮೇಲ್ವಿಚಾರಕ ಇಣುಕಿ, ನೆಲದ ರಾಶಿ ನೋಡಿ, ಪಟ್ಟಿಯಲ್ಲಿ ಗುರುತು ಹಾಕಿಕೊಂಡು ಮುಂದೆ ಹೋದ. ಕೆಲಸದವಳು ಹೊಸ ಚಾದರ ಕೊಡವಿದಳು.

"ಮಗಳು ಸಿಕ್ಕಿದ್ಲಾ?" ಕುರ್ಚಿಯಲ್ಲಿ ಕೂತಿದ್ದ ಇಸ್ತ್ರಿಯಕ್ಕ ಕೇಳಿದಳು.

"ಸಿಕ್ಕಿದ್ಲಮ್ಮ. ಹಲ್ಲು ಬಿದ್ದಿದೆಯಂತೆ. ಫೋನಿಗೆ ಬಾಯಿ ಅಗಲಿಸಿ ತೋರಿಸಿದ್ದೇ ತೋರಿಸಿದ್ದು."

"ಮೇಲಿಂದೋ ಕೆಳಗಿಂದೋ?"

"ಕೆಳಗಿಂದು. ಎರಡನೇದು." ಮಾತಾಡುತ್ತಲೇ ಅವಳು ಮೂರು ಮೂಲೆ ಮುಗಿಸಿದಳು. ನಾಲ್ಕನೆಯದು ಇಸ್ತ್ರಿಯಕ್ಕನ ಮೊಣಕಾಲಿನ ಹತ್ತಿರವೇ ಇತ್ತು. ಕೈ ಚಾಚಿದರೆ ಸಿಗುವಷ್ಟು. ಅವಳು ಎರಡೂ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡು, ಕೆಲಸದವಳು ಹಾಸಿಗೆ ಸುತ್ತಿ ಈ ಕಡೆ ಬರುವವರೆಗೆ ಕಾದಳು.