ಅಣ್ಣಾಸಾಹೇಬ ಹಾಕಿಕೊಟ್ಟ ಜರಡಿ

ಕೆಲಸ ಶುರುಮಾಡುವ ಮೊದಲು ಅಣ್ಣಾಸಾಹೇಬ ಕಂಪ್ಯೂಟರಿನ ಮುಂದೆ ಕೂರುತ್ತಿರಲಿಲ್ಲ, ನಮ್ಮ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದ. ಬೀಗರನ್ನು ಊಟಕ್ಕೆ ಕೂರಿಸಿದವನ ಹಾಗೆ, "ಮೇಡಮ್ಮಾರ, ನಿಮಗ ಏನೇನು ಬ್ಯಾಡ, ಹೇಳ್ರಿ" ಎಂದು ಕೇಳುತ್ತಿದ್ದ. ಎದುರಿಗೆ ನಾನು ಅವನಿಗೆ ಬಹುವಚನವೇ ಹಚ್ಚುತ್ತಿದ್ದೆ. ಬರೆಯುವಾಗ ಅಷ್ಟು ಮರ್ಯಾದೆ ಕೊಡಲು ಮನಸ್ಸು ಬರುತ್ತಿಲ್ಲ.

ಗೋಕಾಕದ ನಮ್ಮ ಕಾಲೇಜಿಗೆ ಆಗಷ್ಟೇ ಸ್ವಂತ ಮೇಲ್ ಸರ್ವರ್ ಬಂದಿತ್ತು. ಬೆನ್ನಿಗೇ ಕಸದ ಮೇಲುಗಳೂ ಬಂದವು: ಲಾಟರಿ ಹತ್ತಿದೆ, ಬೊಕ್ಕತಲೆಗೆ ಔಷಧವಿದೆ ಎನ್ನುವಂಥವು. ಪ್ರಾಚಾರ್ಯರು ಅವನ್ನು ಸೋಸಲು ಎಲ್ಲರಿಗೂ ಒಂದೇ ಜರಡಿ ಹಾಕಿಸಿದರು. ಲೋನ್ ಎಂಬ ಶಬ್ದವಿದ್ದದ್ದೆಲ್ಲ ಕಸದ ಪೆಟ್ಟಿಗೆಗೆ ಬಿದ್ದು, ಅರ್ಥಶಾಸ್ತ್ರದ ಮೇಷ್ಟ್ರಿಗೆ ಬರಬೇಕಾದದ್ದೂ ಅಲ್ಲಿಗೇ ಹೋಯಿತು. ಸರ್ವರ್ ನೋಡಿಕೊಳ್ಳುತ್ತಿದ್ದವನು ಅಣ್ಣಾಸಾಹೇಬ, ಮೂಡಲಗಿ ಕಡೆಯ ಜೈನ, ಈರುಳ್ಳಿ ಮುಟ್ಟದವನು. ನೆಟ್ಟಗೆ ಪ್ರಾಚಾರ್ಯರ ಕೋಣೆಗೆ ಹೋದ.

"ನಮ್ಮ ಮನ್ಯಾಗ ಉಳ್ಳಾಗಡ್ಡಿ ತಿನ್ನೂದಿಲ್ರಿ ಸರ್. ಅದಕ್ಕಂತ ಗೋಕಾಕ ಸಂತ್ಯಾಗ ಉಳ್ಳಾಗಡ್ಡಿ ಬಂದ್ ಮಾಡಾಕ ಬರತೈತೇನ್ರಿ? ತಮ್ಮ ತಾಟಿನ್ಯಾಗ ಏನು ಬೇಕು, ಅವರವರ ಹೇಳಬೇಕ್ರಿ."

ಕೊನೆಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಜರಡಿ ಹಾಕಿಕೊಟ್ಟ. ಬೇಡದ್ದನ್ನು ಕಸದ ಪೆಟ್ಟಿಗೆಗೆ ಹಾಕುತ್ತ ಹೋದರೆ ಅದು ನಮ್ಮ ಮನಸ್ಸನ್ನು ತಾನೇ ಕಲಿಯುತ್ತಿತ್ತು. ಬೀಜದ ಕಂಪನಿಗಳ ಜಾಹೀರಾತು ನನಗೆ ಕಸ, ಸಸ್ಯಶಾಸ್ತ್ರದವರಿಗೆ ಬೇಕಾದದ್ದು. ಯಾರಿಗೆ ಏನು ಬರುತ್ತದೆಂದು ಅವನು ಇನ್ನೊಬ್ಬರ ಮುಂದೆ ಬಾಯಿ ಬಿಟ್ಟವನಲ್ಲ. ನಾವೆಲ್ಲ ನಂಬಿದೆವು. ನಾನಂತೂ ಕಣ್ಣು ಮುಚ್ಚಿ ನಂಬಿದೆ.

ನನ್ನ ಗಂಡನ ನೌಕರಿ ಹುಕ್ಕೇರಿಯಲ್ಲಿ, ಸಣ್ಣ ಮಗಳೂ ಅಲ್ಲೇ. ನಾನು ಗೋಕಾಕದಲ್ಲಿ ಬಾಡಿಗೆ ಕೋಣೆ ಹಿಡಿದು ಶನಿವಾರ ಅಲ್ಲಿಗೆ ಬಸ್ಸು ಹತ್ತಿ ರವಿವಾರ ಮರಳುತ್ತಿದ್ದೆ. ಹುಕ್ಕೇರಿಯ ಕಾಲೇಜೊಂದರಲ್ಲಿ ಗಣಿತದ ಜಾಗ ಖಾಲಿಯಾದಾಗ ಅರ್ಜಿ ಹಾಕಿದೆ. ಸಂದರ್ಶನದ ಮೇಲ್ ಎಲ್ಲಿ ಕಸಕ್ಕೆ ಬಿದ್ದೀತೋ ಎಂದು ಹೆದರಿ, ಆ ಕಾಲೇಜಿನ ಮೇಲ್ ವಿಳಾಸವನ್ನು ಅಣ್ಣಾಸಾಹೇಬನಿಗೆ ಹೇಳಿ, "ಇದೊಂದು ತಪ್ಪಬಾರದು ನೋಡ್ರಿ" ಎಂದೆ.

"ಅದು ನನಗ ಬಿಡ್ರಿ ಮೇಡಮ್ಮಾರ" ಎಂದ.

ಮೇಲ್ ಬರಲೇ ಇಲ್ಲ. ಹುಕ್ಕೇರಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಆ ಕಾಲೇಜಿನ ಗುಮಾಸ್ತ, "ಸಂದರ್ಶನಕ್ಕ ಯಾಕ ಬರ್ಲಿಲ್ರಿ? ಮೇಲ್ ಹಾಕಿದ್ವಲ್ಲ. ಬ್ಯಾರೇದವರನ್ನ ತಗೊಂಡ್ರು" ಎಂದ.

ಸೋಮವಾರ ಅಣ್ಣಾಸಾಹೇಬನ ಕಂಪ್ಯೂಟರ್ ಲ್ಯಾಬಿಗೆ ಹೋದೆ. ಮಷಿನ್ನಿನ ತಪ್ಪಿರಬೇಕೆಂದು ಮೆಲ್ಲಗೇ ಕೇಳಿದೆ. ಅವನು ತಲೆ ಎತ್ತಲಿಲ್ಲ.

"ಮಷಿನ್ ತಪ್ಪಲ್ರಿ. ನಾನ ತಡದಿದ್ದೆ. ನಮ್ಮ ಹುಡುಗಿ ನಿಮ್ಮ ಕ್ಲಾಸಿನ್ಯಾಗ ಪಿಯುಸಿ ಐತ್ರಿ. ನೀವು ಹ್ವಾದ್ರ ಗಣಿತ ಯಾರು ಕಲಸ್ತಾರ? ಪರೀಕ್ಷಾ ಮುಗಿಯೂತನಕ ಹಿಡದು, ಆಮ್ಯಾಲ ಬಿಡಾಂವ ಇದ್ದೆ."

ಸಂದರ್ಶನವೂ ಅವನ ಮಗಳ ಪರೀಕ್ಷೆ ಮುಗಿಯುವ ತನಕ ಕಾಯುತ್ತದೆ ಎಂದುಕೊಂಡಿದ್ದ ಈ ಜಾಣ. ನನ್ನ ಮೈಯೆಲ್ಲ ಉರಿಯಿತು. ಆ ವಿಳಾಸವನ್ನು ಅವನಿಗೆ ಕೊಟ್ಟವಳು ನಾನೇ. ಕೊಡದಿದ್ದರೆ ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಅವತ್ತೇ ಮಾತು ಬಿಟ್ಟೆ. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಅವನ ಮಗಳಿಗೆ ಇದೇನೂ ಗೊತ್ತಿರಲಿಲ್ಲ. ಅವಳಿಗೆ ಕಲಿಸಿದೆ, ಚೆನ್ನಾಗಿಯೇ ಕಲಿಸಿದೆ.

ಫಲಿತಾಂಶದ ದಿನ ಅಪ್ಪ ಮಗಳು ಸಿಹಿ ಹಂಚಲು ಕರದಂಟಿನ ಡಬ್ಬಿ ಹಿಡಿದು ಬಂದರು. ಹುಡುಗಿ ಕಾಲಿಗೆ ಬಿದ್ದಳು, ಮನಸಾರೆ ಹರಸಿದೆ. ಅವಳು ಗೆಳತಿಯರ ಕಡೆ ಓಡಿದ ಮೇಲೆ ಅವನು, "ನಿಮ್ಮ ಉಪಕಾರ ಮರಿಯೂದಿಲ್ರಿ" ಎಂದ.

"ನಾ ರವಿವಾರ ಹೊಂಟಾಗ ನನ್ನ ಮಗಳು ಸೆರಗು ಹಿಡದು ಅಳ್ತಿದ್ಲು, ಅಣ್ಣಾಸಾಹೇಬ್" ಎಂದೆ. "ಈಗ ಅಳೂದು ಬಿಟ್ಟಾಳ. ಟಾಟಾ ಮಾಡಿ ಆಡಾಕ ಹೋಗ್ತಾಳ."

ಅವನು ಡಬ್ಬಿಯ ಮುಚ್ಚಳ ಹಾಕಿ ಹೊರಟುಹೋದ. ಆ ರಜೆಯಲ್ಲೇ ಬೆಳಗಾವಿಯಲ್ಲಿ ಬೇರೆ ಕೆಲಸ ಹಿಡಿದನಂತೆ. ಮತ್ತೆ ಸಿಗಲಿಲ್ಲ. ಸಿಕ್ಕರೂ ನಾನು ಮಾತಾಡಿಸುವುದಿಲ್ಲ.