ಗುಂಡು ಹವಳದ ಪರೀಕ್ಷೆ

ಕಡಲ ಸಂಶೋಧನಾ ಕೇಂದ್ರದಲ್ಲಿ ನಮ್ಮಕ್ಕನಿಗೆ ಹವಳ ಸಾಕುವ ಕೆಲಸ, ನನಗೆ ಅವಳ ತೊಟ್ಟಿಗಳಿಗೆ ನೀರು ಹಾಯಿಸುವ ಪಂಪಿನ ಕೆಲಸ. ಅಲ್ಲಿ ಎಲ್ಲರಿಗೂ ಅವಳು ತೊಟ್ಟಿಯಕ್ಕ. ಮೊದಲೆಲ್ಲ ನೀರು ಒಂಚೂರು ಬೆಚ್ಚಗಾದರೂ ನನ್ನ ಮೇಲೆ ಹರಿಹಾಯುತ್ತಿದ್ದಳು. ಹೋದ ಬೇಸಿಗೆಯಲ್ಲಿ ಸಮುದ್ರವೇ ಕಾದು, ಅವಳು ನೆಟ್ಟಿದ್ದ ಕವಲು ಹವಳವೆಲ್ಲ ಬೆಳ್ಳಗಾಗಿ ಸತ್ತಿತು. ಅಂದಿನಿಂದ ಬೈಗುಳವೂ ನಿಂತಿತು. ಅವಳಿಂದ ಬೈಸಿಕೊಳ್ಳದೆ ನನಗೆ ತಿಂದದ್ದು ಅರಗುತ್ತಿರಲಿಲ್ಲ.

ಇನ್ನು ಆಸೆಯೆಂದರೆ ತೊಟ್ಟಿಯಲ್ಲಿದ್ದ ಗುಂಡು ಹವಳ. ಉಗುರಿನಷ್ಟಿದ್ದ ಚೂರುಗಳನ್ನು ಅವಳೇ ಮುಷ್ಟಿಗಾತ್ರದ ಗುಂಡುಗಳಾಗಿ ಬೆಳೆಸಿದ್ದು. ಅದನ್ನು ಕಡಲಲ್ಲಿ ನೆಡೋಣವೆಂದರೆ ಹವಳ ತಿನ್ನುವ ಬಸವನಹುಳುವಿನ ಕಾಟ. ಅದಕ್ಕೆ ಇಷ್ಟ ಕವಲು ಹವಳ; ಗುಂಡನ್ನು ಮೂಸಿಯೂ ನೋಡುವುದಿಲ್ಲ. ಆದರೆ ಕಡಲಲ್ಲಿ ಈಗ ಕವಲು ಎಲ್ಲಿದೆ? ಹಸಿದಾಗಲೂ ಗುಂಡನ್ನು ಮುಟ್ಟದಿದ್ದರೆ ನೆಡೋಣ, ಮುಟ್ಟಿದರೆ ಬೇಡ ಎಂದರು ಕೇಂದ್ರದ ಸಾಹೇಬರು. ಅಕ್ಕ ಹುಳುಗಳನ್ನು ಗುಂಡು ಹವಳದ ಜೊತೆ ಬಿಟ್ಟು ಕಾದಳು.

ದಿನಗಳು ಕಳೆದರೂ ಹುಳುಗಳು ಗಾಜಿಗೆ ಅಂಟಿಕೊಂಡೇ ಇದ್ದವು. ಹಸಿವು ಹೆಚ್ಚಿ ಎಲ್ಲಿ ತಿಂದುಬಿಡುತ್ತವೋ ಎಂದು ನನಗೇ ತಡೆಯಲಾಗಲಿಲ್ಲ.

"ಪಕ್ಕದ ತೊಟ್ಟೀಲಿ ಕವಲಿನ ಚೂರು ಒಂದೆರಡು ಉಳಿದಿದೆಯಲ್ಲ ಅಕ್ಕ, ಹಾಕ್ಬಿಡೇ. ಹೊಟ್ಟೆ ತುಂಬಿದ್ರೆ ಇದರ ತಂಟೆಗೆ ಬರಲ್ಲ. ಯಾರು ನೋಡ್ತಾರೆ?"

"ಇಲ್ಲಿ ಯಾರೂ ನೋಡಲ್ಲ ಕಣೋ. ಸಮುದ್ರದೊಳಗೆ ದಿನಾ ಹೋಗಿ ಬಡಿಸೋಕೆ ನೀನು ಬರ್ತೀಯಾ?"

ಮರುದಿನ ಬೆಳಿಗ್ಗೆ ಒಂದು ಹುಳು ಗುಂಡಿನ ಮೇಲೆ ಕೂತಿತ್ತು. ಅಕ್ಕ ಅದನ್ನು ಇಕ್ಕುಳದಿಂದ ಮೆಲ್ಲಗೆ ಎತ್ತಿದಳು. ಕೆಳಗೆ ಬಿಳಿ ಕಲೆ. ಜೀವವಿದ್ದ ಪದರವೆಲ್ಲ ಹೋಗಿ ಬರೀ ಕಲ್ಲು. ಹಸಿದವನಿಗೆ ಹಳಸಿದ್ದೂ ರುಚಿ ಅನ್ನುವುದು ಹುಳುವಿಗೂ ಗೊತ್ತಿತ್ತು. ಹಾಳಾದ್ದನ್ನು ಹೊಸಕಿ ಹಾಕಬೇಕೆನ್ನುವಷ್ಟು ಸಿಟ್ಟು ಬಂತು ನನಗೆ.

"ಬಿಡೋ, ಅದಕ್ಕೂ ಹೊಟ್ಟೆ ಇಲ್ವಾ?" ಎಂದ ಅಕ್ಕ ತಾನೇ ಸಾಹೇಬರಿಗೆ ಫೋನ್ ಮಾಡಿದಳು. "ಸಾರ್, ತಿಂತು."

ಸಾಹೇಬರು ಹೇಳಿದ್ದು ನನಗೂ ಕೇಳಿಸಿತು. ನೆಡುವುದು ಬೇಡ. ಹುಳುಗಳ ಮೇಲೆ ಇನ್ನೂ ಪರೀಕ್ಷೆಗಳಿವೆ, ಅವು ಬದುಕಿರಬೇಕು; ಆ ಗುಂಡು ಹವಳವನ್ನೇ ಅವಕ್ಕೆ ಮೇವಾಗಿ ಹಾಕುತ್ತ ಬನ್ನಿ.

"ಆಯ್ತು ಸಾರ್" ಎಂದಳು.

ಉಳಿ, ಸುತ್ತಿಗೆ ತಂದು ಒಂದು ಗುಂಡನ್ನು ಒಡೆದಳು. ಚೂರುಗಳನ್ನು ಎಲ್ಲ ಹುಳುಗಳಿಗೂ ಸಿಗುವಂತೆ ಹಂಚಿ ತೊಟ್ಟಿಗೆ ಇಳಿಸಿದಳು. ನನ್ನ ಕಣ್ಣು ತುಂಬಿ ಬಂದಿತ್ತು.

"ಅಳು ಬರಲ್ವೇನೇ ನಿಂಗೆ?"

ಅಕ್ಕ ಉಳಿ, ಸುತ್ತಿಗೆ ಒರೆಸಿ ಪಕ್ಕಕ್ಕಿಟ್ಟಳು.

"ಬರ್ಬೇಕಿತ್ತು" ಎಂದಳು.