ನೆರಳಿನ ಬಾಡಿಗೆ

ಚೆನ್ನೈಯಲ್ಲಿ ಬಿಸಿಲು ಬಿಟ್ಟಿ ಸಿಗುತ್ತದೆ, ನೆರಳಿಗೆ ಬಾಡಿಗೆ ಕೊಡಬೇಕು. ಇದನ್ನು ನಾನು ಮಾತಿನ ಚಂದಕ್ಕೆ ಹೇಳುತ್ತಿಲ್ಲ. ವರ್ಷಗಟ್ಟಲೆ, ತಿಂಗಳು ತಿಂಗಳೂ ಕೊಟ್ಟಿದ್ದೇನೆ. ಅದೂ ನನ್ನ ತಲೆಯ ಮೇಲಿನ ನೆರಳಿಗಲ್ಲ, ಒಂದು ದೋಣಿಯ ಮೇಲಿನ ನೆರಳಿಗೆ. ಮಾಧವರಂನ ನಮ್ಮ ಮನೆಯಲ್ಲಿ ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಒಳಗೆ ಬಂದು, ಹೇಳದೆ ಕೇಳದೆ ಬಂದ ನೆಂಟರ ಹಾಗೆ ಮಂಚದ ಮೇಲೆ ಕಾಲು ಚಾಚಿ ಮಲಗುತ್ತದೆ. ಅಲ್ಲಿಗೊಂದು ಬಿದಿರಿನ ತಟ್ಟಿ ಹಾಕಿಸೋಣ ಎಂದು ಪ್ರತಿ ಬೇಸಿಗೆಯಲ್ಲೂ ಅಂದುಕೊಂಡು, ಯಾಕೆ ಸುಮ್ಮನೆ ಖರ್ಚು ಎಂದು ಪ್ರತಿ ಬೇಸಿಗೆಯಲ್ಲೂ ಬಿಟ್ಟವರು ನಾವು. ದೋಣಿ ಮಾತ್ರ ತೆಂಗಿನ ಗರಿಯ ಚಪ್ಪರದ ಕೆಳಗೆ ತಣ್ಣಗೆ ಮಲಗಿತ್ತು.

ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತನಾಗಿದ್ದವನಿಗೆ ದೋಣಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಶೋಕಿಗೆ ದೋಣಿ ಇಟ್ಟುಕೊಳ್ಳುವವರ ಜಾತಿಯೇ ಬೇರೆ. ಅವರ ಮನೆ ನುಂಗಂಬಾಕ್ಕಂ ಕಡೆ ಇರುತ್ತದೆ, ಕಣ್ಣಿಗೆ ಕಪ್ಪು ಕನ್ನಡಕ, ಕಾಲಿಗೆ ಬಿಳೀ ಬೂಟು ಇರುತ್ತದೆ. ನಾನು ಅರಸೀಕೆರೆಯವನು. ನಮ್ಮೂರ ಕೆರೆಯಲ್ಲಿ ಕಾಲು ತೊಳೆದದ್ದೇ ನನ್ನ ಜಲಸಾಹಸ. ದೋಣಿ ನನ್ನ ಹೆಂಡತಿ ವನಜಾಳದು. ಅವಳು ತಲಕಾಡಿನ ಕಡೆಯವಳು, ಹರಿಗೋಲಿನಲ್ಲಿ ಹೊಳೆ ದಾಟಿ ಶಾಲೆಗೆ ಹೋದವಳು. ಅಂಬಿಗ ಮುದುಕನನ್ನು ಕಾಡಿ ಹುಟ್ಟು ಹಾಕುವುದನ್ನು ಕಲಿತಿದ್ದಳು. ಆಮೇಲೆ ಮದುವೆ, ಚೆನ್ನೈ, ಇನ್ಶೂರೆನ್ಸ್ ಆಫೀಸಿನ ಕೆಲಸ, ಮಗಳು ಸುಮಾ, ಕೊಡಗಳನ್ನಿಟ್ಟುಕೊಂಡು ನೀರಿನ ಲಾರಿಗೆ ಕಾಯುವುದು. ಹೊಳೆಯಲ್ಲಿ ಬೆಳೆದವಳಿಗೆ ನೀರು ಲಾರಿಯಲ್ಲಿ ಬರುವ ಊರು ಸಿಕ್ಕಿತ್ತು.

ಊರು ಬಿಟ್ಟು ಹೋಗುತ್ತಿದ್ದ ಅವಳ ಮೇಲಧಿಕಾರಿಯೊಬ್ಬರು ತಮ್ಮ ಹಳೆಯ ಮರದ ದೋಣಿಯನ್ನು ಮಾರುತ್ತಾರೆಂದು ತಿಳಿದ ದಿನ ವನಜಾ ಬಳೆಗೆಂದು ಕೂಡಿಟ್ಟಿದ್ದ ಹಣವನ್ನು ಅವರಿಗೆ ಕೊಟ್ಟುಬಂದಳು. ದೋಣಿ ಇದ್ದದ್ದು ಮುಟ್ಟುಕಾಡಿನ ಹಿನ್ನೀರಿನಲ್ಲಿ, ಏಳುಮಲೈ ಎಂಬುವವನ ಕಟ್ಟೆಯಲ್ಲಿ. ಅವನದು ನೀರಿನಂಚಿನ ಒಂದಿಷ್ಟು ಜಾಗ, ಅರ್ಧಕ್ಕೆ ಚಪ್ಪರ, ಅರ್ಧ ಬಯಲು. ಬಯಲಿಗೆ ಒಂದು ಬಾಡಿಗೆ, ಚಪ್ಪರಕ್ಕೆ ಅದರ ಎರಡರಷ್ಟು.

ನನಗೆ ಇದು ಹಗಲು ದರೋಡೆ ಎನ್ನಿಸಿತು. "ದೋಣಿಗೇನು ತಲೆನೋವು ಬರುತ್ತಾ ಬಿಸಿಲಲ್ಲಿ?" ಎಂದೆ.

"ಬರತ್ತೆ. ಹಲಗೆ ಒಣಗಿ ಸಂದು ಬಿಡತ್ತೆ," ಎಂದಳು ವನಜಾ. "ದೋಣಿಗೆ ನೆರಳು ಬೇಕು, ಇಲ್ಲಾ ನೀರು ಬೇಕು. ನಿಮ್ಮ ಹಾಗೆ ಬರೀ ಪೇಪರ್ ಓದ್ಕೊಂಡು ಬದುಕಕ್ಕಾಗಲ್ಲ ಅದಕ್ಕೆ."

ಹೀಗೆ ನಮ್ಮ ಭಾನುವಾರಗಳು ಶುರುವಾದವು. ಊರಿನ ಆ ತುದಿಯಿಂದ ಈ ತುದಿಗೆ ಬಸ್ಸು. ವನಜಾಳ ಕೈಯಲ್ಲಿ ಅವಳೇ ಬಡಗಿಯಿಂದ ಮಾಡಿಸಿದ ಹುಟ್ಟು, ನನ್ನ ಕೈಯಲ್ಲಿ ಕೊಡೆ ಮತ್ತು ಇಡ್ಲಿ ಡಬ್ಬಿ. ಒಮ್ಮೆ ಕಂಡಕ್ಟರ್ ಹುಟ್ಟನ್ನು ನೋಡಿ, "ಎನ್ನಮ್ಮಾ, ಯಾರ್ ವೀಟ್ಟು ಕಲ್ಯಾಣಂ? ಇವ್ವಳವು ಪೆರಿಯ ಕರಂಡಿ!" ಎಂದ. ಯಾರ ಮನೆಯ ಮದುವೆಗೆ ಇಷ್ಟು ದೊಡ್ಡ ಸೌಟು ಎಂದು ಅವನ ಪ್ರಶ್ನೆ. ವನಜಾ ಮುಖ ಬಿಗಿಹಿಡಿದು, ಸಾಂಬಾರು ಕಡಲಿನಷ್ಟಿದೆ, ಚಿಕ್ಕ ಸೌಟು ಸಾಲದು ಎಂದು ಅವನದೇ ತಮಿಳಿನಲ್ಲಿ ಹೇಳಿದಳು. ಬಸ್ಸಿಗೆ ಬಸ್ಸೇ ನಕ್ಕಿತು. ಆದರೂ ಸೌಟಿಗೆ ಲಗೇಜ್ ಟಿಕೆಟ್ ಹರಿದ.

ದೋಣಿಯಲ್ಲಿ ನನ್ನ ಉದ್ಯೋಗ ಕೊಡೆ ಹಿಡಿಯುವುದು. ಅವಳು ಮೂತಿಯ ಬಳಿ ಮಂಡಿಯೂರಿ ಕೂರುತ್ತಿದ್ದಳು, ನಾನು ಹಿಂದೆ. ಹಳೆಯ ದೇವಸ್ಥಾನಗಳ ಗೋಡೆಯಲ್ಲಿ ರಾಜರ ಮೆರವಣಿಗೆ ಕೆತ್ತಿರುತ್ತಾರಲ್ಲ, ಅಲ್ಲಿ ಬಿಳಿಗೊಡೆ ಹಿಡಿದವನೊಬ್ಬ ಇದ್ದೇ ಇರುತ್ತಾನೆ. ಆನೆಗೆ ಹೆಸರಿರುತ್ತದೆ, ಕುದುರೆಗೆ ಹೆಸರಿರುತ್ತದೆ, ಅವನಿಗೆ ಇರುವುದಿಲ್ಲ. ಅವನ ತೋಳು ಎಷ್ಟು ನೋಯುತ್ತಿತ್ತು ಎಂಬುದು ಶಾಸನ ಓದುವ ಪಂಡಿತರಿಗಿಂತ ನನಗೆ ಚೆನ್ನಾಗಿ ಗೊತ್ತು. ಗಾಳಿ ಬಂದರೆ ಕೊಡೆ ಒಂದು ಕಡೆ, ನಾನು ಒಂದು ಕಡೆ. "ರೀ, ನೆಟ್ಟಗೆ ಹಿಡೀರಿ. ಮೀನಿಗೆ ನೆರಳು ಮಾಡ್ತಿದೀರಾ?" ಎಂದು ಅವಳು ತಿರುಗಿ ನೋಡದೆಯೇ ಹೇಳುತ್ತಿದ್ದಳು.

ಮಗಳು ಸುಮಾ ಒಂದು ಸಲ ಬಿಸಿಲಿಗೆ ಹಚ್ಚುವ ಕ್ರೀಮಿನ ಟ್ಯೂಬು ತಂದುಕೊಟ್ಟಳು. ಅದರ ಬೆಲೆ ಕೇಳಿ ವನಜಾ, "ಇದನ್ನ ದೋಣಿಗೆ ಹಚ್ಚಿದ್ರೆ ಚಪ್ಪರದ ಬಾಡಿಗೆ ಉಳೀತಿತ್ತೇನೋ," ಎಂದಳು. ದೋಣಿಗೆ ಗೇರೆಣ್ಣೆ, ಅವಳಿಗೆ ಕೊಬ್ಬರಿ ಎಣ್ಣೆ, ಟ್ಯೂಬು ಕಪಾಟಿನಲ್ಲಿ. ಇಷ್ಟಾದರೂ ಆ ಕಟ್ಟೆಯಲ್ಲಿ ಅವಳಷ್ಟು ಕಳೆಕಳೆಯಾಗಿದ್ದವರು ಇನ್ನೊಬ್ಬರಿರಲಿಲ್ಲ. ಇದನ್ನು ಗಂಡ ಹೇಳಿದರೆ ಸಾಕ್ಷಿ ಎನ್ನಿಸುವುದಿಲ್ಲ, ಹೋಗಲಿ.

ಅವಳು ದೋಣಿ ನಡೆಸುತ್ತಿದ್ದ ರೀತಿ ತಪ್ಪು ಎಂದು ಎಲ್ಲರೂ ಹೇಳುತ್ತಿದ್ದರು. ಚೂಪು ಮೂತಿಯ ದೋಣಿಯನ್ನು ಎರಡು ಹುಟ್ಟು ಕಟ್ಟಿ, ಹೋಗುವ ದಿಕ್ಕಿಗೆ ಬೆನ್ನು ಮಾಡಿ ಎಳೆಯಬೇಕು. ವನಜಾ ಒಂದೇ ಹುಟ್ಟಿನಿಂದ, ಮುಂದಕ್ಕೆ ನೋಡುತ್ತಾ, ನೀರನ್ನು ತನ್ನ ಕಡೆಗೆ ಬಳಿದುಕೊಳ್ಳುತ್ತಿದ್ದಳು. ಥೇಟ್ ಹರಿಗೋಲು. ದೋಣಿ ಹಾವಿನ ಹಾಗೆ ಹೊರಳಿ ಹೊರಳಿ ಹೋಗುತ್ತಿತ್ತು. ಅದೇ ಕಟ್ಟೆಯಲ್ಲಿ ಫೈಬರ್ ದೋಣಿ ಇಟ್ಟಿದ್ದವರು ದಡದಿಂದ, "ಆಂಟಿ, ದೋಸೆಗೆ ಹಿಟ್ಟು ಅರೀತಿದೀರಾ?" ಎಂದು ಕೂಗುತ್ತಿದ್ದರು. "ಬನ್ನಿ, ಚಟ್ನಿ ನೀವು ಅರೀರಿ," ಎನ್ನುತ್ತಿದ್ದಳು.

ಒಂದು ವರ್ಷ ಮಳೆ ಮುಗಿಯುವ ಹೊತ್ತಿಗೆ ವನಜಾ ತೀರಿಕೊಂಡಳು. ಜ್ವರವೆಂದು ಮಲಗಿದವಳು ಏಳಲಿಲ್ಲ. ಅದರ ಬಗ್ಗೆ ಇಷ್ಟೇ ಬರೆಯಲು ನನಗೆ ಬರುವುದು.

ನಾನು ಬಾಡಿಗೆ ಕಳಿಸುತ್ತಿದ್ದೆ, ಮುಟ್ಟುಕಾಡಿಗೆ ಹೋಗುತ್ತಿರಲಿಲ್ಲ. ಅಷ್ಟರಲ್ಲಿ ಕಡಲ ಬದಿಯ ರಸ್ತೆ ಅಗಲವಾಗಿ ವಾರದ ಕೊನೆಗೆ ದೋಣಿ ಬಿಡುವವರು ಹೆಚ್ಚಾಗಿದ್ದರು. ಚಪ್ಪರ ಬೆಳೆದಿರಲಿಲ್ಲ. ಏಳುಮಲೈಯ ಕಟ್ಟೆಯಲ್ಲಿ ಮೊದಲಿನಿಂದ ಒಂದು ಪದ್ಧತಿ ಇತ್ತು. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯೊಳಗೆ ಮನೆಯವರೇ ನೀರಿಗಿಳಿಸಿ, ಮೀನುಗಾರರು ನೆಟ್ಟ ಕಂಬಗಳವರೆಗೆ ಹೋಗಿ ಬರದ ದೋಣಿಗೆ ನೆರಳಿಲ್ಲ, ಬಯಲಿಗೆ ಹೋಗಬೇಕು. ಎಷ್ಟು ದುಡ್ಡು ಕೊಟ್ಟರೂ ಅಷ್ಟೇ. ನೆರಳು ಓಡುವ ದೋಣಿಗೆ. ನನ್ನ ಮಟ್ಟಿಗೆ ಅವನು ಕೆಲವು ತಿಂಗಳು ಕಣ್ಣು ಮುಚ್ಚಿಕೊಂಡಿದ್ದ. ಉಳಿದವರು ಗೊಣಗಲು ಶುರು ಮಾಡಿದ ಮೇಲೆ ಫೋನ್ ಮಾಡಿದ.

"ಸಾರ್, ನಾನ್ ಎನ್ನ ಪಣ್ಣಟ್ಟುಂ?" ನಾನೇನು ಮಾಡಲಿ ಎಂದು ಸಂಕೋಚದಿಂದಲೇ ಕೇಳಿದ. ಈ ಅಮಾವಾಸ್ಯೆವರೆಗೆ ನೋಡುತ್ತಾನಂತೆ. ಇಲ್ಲದಿದ್ದರೆ ಒಂದು ದಾರಿ ಇದೆಯಂತೆ. ರಸ್ತೆಯ ಪಕ್ಕದ ಹೋಟೆಲೊಂದಕ್ಕೆ ಹಳೆಯ ಮರದ ದೋಣಿ ಬೇಕಾಗಿದೆ. ಹುಲ್ಲಿನ ಮೇಲೆ ಇಟ್ಟು, ಒಳಗೆ ಐಸು ತುಂಬಿ, ಅದರ ಮೇಲೆ ಮೀನು, ಸೀಗಡಿ ಜೋಡಿಸಿ ಬಫೆ ಊಟಕ್ಕೆ ಇಡುತ್ತಾರಂತೆ.

ಸುಮಾ ಕೊಟ್ಟುಬಿಡು ಎಂದಳು. "ಅಪ್ಪಾ, ಬಿ ಪ್ರಾಕ್ಟಿಕಲ್. ಬಿಸಿಲಲ್ಲಿ ಒಡೆದು ಹೋಗೋದಕ್ಕಿಂತ ಅದು ನಲ್ಲದುದಾನೇ?" ಒಳ್ಳೆಯದೇ ಇರಬಹುದು. ಆದರೆ ವನಜಾ ಮಂಡಿಯೂರುತ್ತಿದ್ದ ಜಾಗದಲ್ಲಿ ನಿಂಬೆಹಣ್ಣಿನ ಹೋಳುಗಳನ್ನು ನೆನೆಸಿಕೊಂಡೆ. "ನಾನೇ ಹೋಗಿ ಬರ್ತೀನಿ," ಎಂದೆ.

"ಎಲ್ಲಿಗೆ?"

"ಕಂಬಕ್ಕೆ."

"ಅಪ್ಪಾ! ನಿನಗೆ ಸ್ವಿಮ್ಮಿಂಗೇ ತೆರಿಯಾದು!"

ಈಜು ಬಾರದವನು ಭಾನುವಾರಕ್ಕೆ ಮೊದಲೇ ಒಬ್ಬನೇ ಮುಟ್ಟುಕಾಡಿಗೆ ಹೊರಟೆ. ದೋಣಿ ಚಪ್ಪರದ ಕೆಳಗೇ ಇದ್ದರೂ ನೀರು ಮುಟ್ಟದೆ ಒಣಗಿ ಹಲಗೆಗಳ ನಡುವೆ ಸಂದು ಬಿಟ್ಟಿತ್ತು. ಹೀಗಾದಾಗ ವನಜಾ ಏನು ಮಾಡುತ್ತಿದ್ದಳೆಂದು ನನಗೆ ಗೊತ್ತಿತ್ತು. "ನೆನೆಹಾಕ್ಬೇಕು," ಎನ್ನುತ್ತಿದ್ದಳು, ಉದ್ದಿನಬೇಳೆಗೆ ಹೇಳಿದ ಹಾಗೆ. ಏಳುಮಲೈ, ನಾನು ಸೇರಿ ದೋಣಿಯನ್ನು ದಡದ ಬಳಿಯ ಆಳವಿಲ್ಲದ ನೀರಿಗೆ ತಳ್ಳಿ, ಒಳಗೆ ಕಲ್ಲಿಟ್ಟು ಮುಳುಗಿಸಿದೆವು. ನೀರು ಕುಡಿದ ಹಲಗೆ ಉಬ್ಬಿ ಸಂದುಗಳು ತಾವೇ ಮುಚ್ಚಿಕೊಳ್ಳುತ್ತವೆ. ಮರದ ದೋಣಿಯ ವಿಚಿತ್ರ ಇದು. ದಡದಲ್ಲಿ ಜೋಪಾನ ಮಾಡಿದಷ್ಟೂ ಸೋರುತ್ತದೆ, ಪೂರ್ತಿ ಮುಳುಗಿ ಎದ್ದರೆ ಸೋರುವುದು ನಿಲ್ಲುತ್ತದೆ.

ಭಾನುವಾರ ಸುಮಾ ನನ್ನ ಜೊತೆ ಬಂದಳು, ನನ್ನನ್ನು ತಡೆಯಲೆಂದೇ. ಹೋಟೆಲಿನ ಮ್ಯಾನೇಜರ್ ಅಳತೆ ಟೇಪು ಹಿಡಿದು ಆಗಲೇ ನಿಂತಿದ್ದ. ದೋಣಿಯ ಅಂಚು ಮಾತ್ರ ನೀರಿನ ಮೇಲೆ ಕಾಣುತ್ತಿತ್ತು.

"ಅಯ್ಯೋ, ಬೋಟ್ ಮುಳುಗಿಹೋಗಿದೆ!" ಎಂದಳು ಸುಮಾ, ಅಳುವವಳ ಹಾಗೆ.

"ಮುಳುಗಿಲ್ಲ ಕಣಮ್ಮ, ನೆನೆಹಾಕಿದೀನಿ," ಎಂದೆ. ಅವಳು ನನ್ನ ಮುಖ ನೋಡಿದಳು. ಅಪ್ಪನಿಗೆ ತಲೆ ಕೆಟ್ಟಿತೆಂದುಕೊಂಡಿರಬೇಕು. ನನಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು, ತುಸು ತುಕ್ಕು ಹಿಡಿದಿತ್ತು.

ಕಲ್ಲು ತೆಗೆದು, ನೀರು ಎತ್ತಿ ಹಾಕಿದೆವು. ದೋಣಿ ಎದ್ದು ನಿಂತಿತು. ಏಳುಮಲೈ ನನಗೆ ಕಿತ್ತಳೆ ಬಣ್ಣದ ತೇಲುವ ಅಂಗಿ ತೊಡಿಸಿದ. ನಾನು ತುಂಬು ತೋಳಿನ ಶರಟು ಹಾಕಿ, ಒದ್ದೆ ಟವಲನ್ನು ತಲೆಗೆ ಸುತ್ತಿದ್ದೆ. ಕಿತ್ತಳೆ ಹಣ್ಣಿಗೆ ಮುಂಡಾಸು ಕಟ್ಟಿದ ಹಾಗೆ ಕಂಡಿರಬೇಕು. ಕೊಡೆ ತಂದಿರಲಿಲ್ಲ. ಹುಟ್ಟು ಹಿಡಿದವನಿಗೆ ಕೊಡೆ ಹಿಡಿಯಲು ಮೂರನೆಯ ಕೈ ಬೇಕಲ್ಲ.

ಮೊದಲು ಏಳುಮಲೈ ಹೇಳಿದಂತೆ ಶಾಸ್ತ್ರೋಕ್ತವಾಗಿಯೇ ಶುರು ಮಾಡಿದೆ. ಎರಡು ಹುಟ್ಟು, ಹೋಗುವ ಕಡೆಗೆ ಬೆನ್ನು. ದೋಣಿ ಗಾಣದ ಎತ್ತಿನ ಹಾಗೆ ನಿಂತಲ್ಲೇ ಸುತ್ತಿತು. ರೈಲ್ವೆಯಲ್ಲಿ ಆಯುಷ್ಯ ಕಳೆದವನಿಗೆ ಮುಂದಿನ ಹಳಿ ಕಾಣದೆ ಗಾಡಿ ಬಿಡುವುದು ಹೇಗೆ ಸಾಧ್ಯ? ದಡದಲ್ಲಿ ಫೈಬರ್ ದೋಣಿಯವರು ಸೇರಿದ್ದರು. "ಸಾರ್, ಕಂಬ ಆ ಕಡೆ!" ಎಂದು ಒಬ್ಬ ಕೂಗಿದ. ಮ್ಯಾನೇಜರ್ ಟೇಪನ್ನು ಬಿಚ್ಚುವುದು, ಸುತ್ತುವುದು ಮಾಡುತ್ತಿದ್ದ.

ನಾನು ಎರಡು ಹುಟ್ಟನ್ನೂ ಒಳಗೆ ಎಳೆದು ಹಾಕಿದೆ. ಮನೆಯಿಂದ ತಂದಿದ್ದ ವನಜಾಳ ಹುಟ್ಟು ಎತ್ತಿಕೊಂಡು ಮೂತಿಯ ಬಳಿ ಮಂಡಿಯೂರಿದೆ. ಹಾಗೆ ಹುಟ್ಟು ಹಾಕುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಆದರೆ ಅಷ್ಟು ವರ್ಷ ನಾನು ಹಿಂದೆ ಕೂತು ನೋಡಿದ್ದು ಹಿನ್ನೀರನ್ನಲ್ಲ, ಅವಳ ಬೆನ್ನನ್ನು. ಯಾವ ಹೆಗಲು ಮೊದಲು ಏಳುತ್ತದೆ, ಮೊಣಕೈ ಎಲ್ಲಿ ಮಡಿಯುತ್ತದೆ, ಸೊಂಟ ಎತ್ತ ವಾಲುತ್ತದೆ ಎಲ್ಲವೂ ಕಣ್ಣಿನಲ್ಲಿತ್ತು. ಕಣ್ಣಿನಲ್ಲಿದ್ದದ್ದು ತೋಳಿಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನೀರನ್ನು ನನ್ನ ಕಡೆಗೆ ಬಳಿದುಕೊಂಡೆ. ಮೂತಿ ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು, ಹೊರಳುತ್ತಲೇ ಮುಂದೆ ಹೋಯಿತು.

ದಡದಿಂದ ಯಾರೋ, "ಹಿಟ್ಟು ಅರೀತಿದಾರೆ!" ಎಂದರು. ಈ ಸಲ ಅದು ಜಯಕಾರದ ಹಾಗೆ ಕೇಳಿಸಿತು.

ನಡುನೀರಿನಲ್ಲಿ ಬಿಸಿಲಿನ ಒಂದು ಗುಟ್ಟು ತಿಳಿಯಿತು. ಅದು ಮೇಲಿನಿಂದಷ್ಟೇ ಬರುವುದಿಲ್ಲ, ನೀರಿಗೆ ಬಡಿದು ಕೆಳಗಿನಿಂದಲೂ ಬರುತ್ತದೆ. ಟವಲು ತಲೆ ಕಾಯುತ್ತಿತ್ತು, ಮೂಗಿನ ಅಡಿ, ಗದ್ದದ ಅಡಿ ಕಾಯುವವರಿಲ್ಲ. ಯಾವ ರಾಜನ ಬಿಳಿಗೊಡೆಯೂ ಈ ಬಿಸಿಲನ್ನು ತಡೆದಿರಲಾರದು. ಕೈ ಬೊಬ್ಬೆ ಎದ್ದಿತು, ಮಂಡಿ ಮರಗಟ್ಟಿತು. ಆದರೆ ದೋಣಿಯೊಳಗೆ ಒಂದು ತೊಟ್ಟು ನೀರೂ ಬಂದಿರಲಿಲ್ಲ. ಕಂಬ ಮುಟ್ಟಿದೆ. ಮುಟ್ಟಿದೆ ಎಂದರೆ ದೋಣಿಯೇ ಹೋಗಿ ಅದಕ್ಕೆ ಡಿಕ್ಕಿ ಹೊಡೆಯಿತು, ಮೇಲೆ ಕೂತಿದ್ದ ನೀರುಕಾಗೆ ಬೈದುಕೊಂಡು ಹಾರಿತು. ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಸ್ವಲ್ಪ ಹೊತ್ತು ಕೂತೆ. ಅತ್ತೆನೋ ಬೆವರಿದೆನೋ, ಉಪ್ಪು ಉಪ್ಪೇ.

ದಡಕ್ಕೆ ಬಂದಾಗ ಏಳುಮಲೈ ಹಗ್ಗ ಹಿಡಿದು ದೋಣಿಯನ್ನು ಚಪ್ಪರದ ಕೆಳಗೆ, ಅದರ ಜಾಗಕ್ಕೆ ಎಳೆದ. ಸುಮಾ ಸೊಂಟದವರೆಗೆ ನೀರಿಗಿಳಿದು ನಿಂತಿದ್ದಳು, ಹೊಸ ಚೂಡಿದಾರದಲ್ಲಿ. "ಅಮ್ಮ ಮಾದಿರಿಯೇ ಇದ್ದೆ ಅಪ್ಪಾ," ಎಂದಳು. "ಬೆನ್ನು." ಮ್ಯಾನೇಜರ್ ಟೇಪನ್ನು ಜೇಬಿಗೆ ಹಾಕಿಕೊಂಡು ನನ್ನ ಕೈ ಕುಲುಕಿದ. ಬೇರೆ ದೋಣಿ ನೋಡುತ್ತೇನೆ ಸಾರ್, ಸೀಗಡಿಗೆ ಇದು ಹೆಚ್ಚಾಯಿತು ಎಂದ.

ಮರುದಿನ ಬೆಳಿಗ್ಗೆ ಹಾಲಿನ ಬೂತಿಗೆ ಹೋದೆ. ಹೆಂಡತಿ ಹೋದ ಗಂಡಸನ್ನು ಕಂಡರೆ ಜನ ಧ್ವನಿ ತಗ್ಗಿಸುತ್ತಾರೆ, ದೇವಸ್ಥಾನದ ಒಳಗೆ ಮಾತಾಡುವ ಹಾಗೆ. ಬೂತಿನ ಮುನಿಯಮ್ಮಾಳ್ ಅಷ್ಟು ತಿಂಗಳೂ ಪ್ಯಾಕೆಟ್ ಕೊಡುವಾಗ, "ಸಾಪ್ಪಿಟ್ಟೀಂಗಳಾ ಸಾರ್?" ಎಂದು ಊಟದ ಬಗ್ಗೆ ಪಿಸುಗುಟ್ಟಿ ಕಣ್ಣು ತಪ್ಪಿಸುತ್ತಿದ್ದಳು. ಅವತ್ತು ನನ್ನ ಮುಖ ನೋಡಿದವಳೇ ಸೆರಗು ಬಾಯಿಗಿಟ್ಟುಕೊಂಡಳು. ನಗು ಸೆರಗಿನಲ್ಲಿ ನಿಲ್ಲಲಿಲ್ಲ.

"ಎನ್ನ ಸಾರ್ ಇದು, ಮೂಗು ಸುಟ್ಟ ಕತ್ತರಿಕಾಯ್ ಮಾದಿರಿ!"

ಮೂಗು ನಿಜಕ್ಕೂ ಸುಟ್ಟ ಬದನೆಕಾಯಿಯಂತೆಯೇ ಇತ್ತು, ಸಿಪ್ಪೆ ಏಳತೊಡಗಿತ್ತು. ದೋಣಿ ಬಿಟ್ಟೆ ಎಂದೆ. ಅವಳು ನಂಬಲಿಲ್ಲ. ಹಿಂದೆ ನಿಂತವರು ಯಾವ ದೋಣಿ ಎಂದರು. ವನಜಾಳದು ಎಂದೆ. ಬಳೆಯ ದುಡ್ಡು, ಸೌಟಿಗೆ ಕೊಟ್ಟ ಟಿಕೆಟ್, ದೋಸೆ ಹಿಟ್ಟು, ನೆನೆಹಾಕಿದ್ದು, ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. ಸಾಲು ಉದ್ದವಾಯಿತು, ಹಾಲು ಬೆಚ್ಚಗಾಗುತ್ತದೆ ಎಂದು ಹಿಂದಿನಿಂದ ಒಬ್ಬರು ಕೂಗಿ, ಆಮೇಲೆ ಅವರೂ ಮುಂದೆ ಬಂದು ನಿಂತರು. ಹೇಳುತ್ತಾ ಹೇಳುತ್ತಾ ವನಜಾಳ ಹೆಸರು ಎಷ್ಟೋ ಸಲ ಬಂತು. ಬಂದಾಗಲೆಲ್ಲ ಜನ ನಗುತ್ತಲೇ ಇದ್ದರು. ಒಬ್ಬರೂ ಧ್ವನಿ ತಗ್ಗಿಸಲಿಲ್ಲ.